ಬಿಸಿ ಅನ್ನದ ಮೊದಲ ತುತ್ತು

ನಿನ್ನೆ ನಿಮ್ಮ ಅವ್ವ ಒಣಶುಂಠಿ, ಅಜಿವಾನ, ಇಂಗು ಹುರಿದು ಕುಟ್ಟಿದಳು. ಆ ಘಾಟು ಪಡಸಾಲೆಗೆ ಬಂದಾಗ ಬತ್ತಿ ಹೊಸೆಯುತ್ತಿದ್ದ ನನ್ನ ಕೈ ನಿಂತಿತು. ನಿಮ್ಮ ಅಜ್ಜನ ಅಣ್ಣನ ಹೆಂಡತಿ ನೆನಪಾದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ...

ಆಗ ಇನ್ನೂ ಬ್ರಿಟಿಷರ ಆಳಿಕೆ. ದುರ್ಗದಬೈಲು ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಮ್ಮ ಮಾವನವರಿಗೆ ಆಯುರ್ವೇದವೆಂದರೆ ವೇದವೇ. ಎದ್ದ ಕೂಡಲೇ ಬಿಸಿನೀರು, ಉಂಡ ಮೇಲೆ ಹಿತ್ತಲಲ್ಲಿ ಅಡ್ಡಾಟ, ಆಮೇಲೆ ಎಡಮಗ್ಗುಲು. ಹಿಂದಿನ ಊಟ ಕರಗಿ ನಿಜವಾದ ಹಸಿವೆ ಆಗುವವರೆಗೆ ಅವರು ಎಲೆಯ ಮುಂದೆ ಕೂಡುತ್ತಿರಲಿಲ್ಲ. ಒಮ್ಮೊಮ್ಮೆ ಆ ಹಸಿವೆ ಇಳಿಹೊತ್ತಿಗೆ ಬರುತ್ತಿತ್ತು. ಅವರು ಉಣ್ಣದೆ ಮಕ್ಕಳು ಉಣ್ಣುವಂತಿಲ್ಲ, ಗಂಡಸರು ಉಣ್ಣದೆ ಹೆಂಗಸರು ಉಣ್ಣುವಂತಿಲ್ಲ.

“ಹೋಗವಾ, ಮಾವನವರ ಹಸಿವಿ ಎದ್ದದೇನು ನೋಡಿ ಬಾ. ನಮ್ಮದು ನಸುಕಿನ್ಯಾಗ ಎದ್ದು ಕೂತದ,” ಎನ್ನುತ್ತಿದ್ದಳು ಅಕ್ಕ. ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ.

ಆಮೇಲೆ ಅವಳ ನಗೆ ಕಡಿಮೆಯಾಯಿತು. ಉಂಡದ್ದು ಹುಳಿತೇಗಾಗಿ ಬರುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಬಳೆಗಳು ಮೊಳಕೈವರೆಗೆ ಜಾರತೊಡಗಿದವು. ಮಾವನವರೇ ವೈದ್ಯರನ್ನು ಕರೆಸಿದರು. ವೈದ್ಯರು ನಾಡಿ ಹಿಡಿದು ಹೇಳಿದ ಮಾತನ್ನು ನಾನು ಬಾಗಿಲ ಮರೆಯಿಂದ ಕೇಳಿದೆ. “ಬಿಸಿ ಅನ್ನದ ಮೊದಲ ತುತ್ತಿನ್ಯಾಗ ತುಪ್ಪ ಹಾಕಿ ಈ ಶುಂಠಿ-ಇಂಗಿನ ಪುಡಿ ಕೊಡ್ರಿ, ಮಧ್ಯಾಹ್ನಕ್ಕ. ಹಸಿವಿ ತಡಿಬಾರದ್ರಿ, ಹೊಟ್ಟಿ ಒಳಗಿನ ಬೆಂಕಿ ಆರ್ತದ.”

ಅತ್ತೆಯವರು ಆಗಲಿ ಎಂದರು. ಆದರೆ ಸೊಸೆ ಮಾವನವರಿಗಿಂತ ಮೊದಲು ಅನ್ನ ಮುಟ್ಟುವುದು ಹೇಗೆ? ಅದಕ್ಕೊಂದು ದಾರಿ ಹುಡುಕಿದರು. ಮಧ್ಯಾಹ್ನ ಸರಿಯಾಗಿ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಕುಡಿಸಿದರು. “ಔಷಧಕ್ಕ ದೋಷಿಲ್ಲ, ತೊಗೋ,” ಎಂದರು. ಊಟ ಮಾತ್ರ ಎಂದಿನ ಹೊತ್ತಿಗೆ, ಎಂದಿನ ಆರಿದ ಅನ್ನ. ಖಾಲಿ ಹೊಟ್ಟೆಯಲ್ಲಿ ಆ ಖಾರ ಉರಿಯುತ್ತಿತ್ತು. ಅಕ್ಕ ಒಲೆಯ ಮುಂದೆ ಹೊಟ್ಟೆ ಒತ್ತಿಕೊಂಡು ಕೂಡುತ್ತಿದ್ದಳು.

ಉಣಕಲ್ಲಿನ ತನ್ನ ತವರಿಗೆ ಕಳಿಸಿರಿ ಎಂದು ಕೇಳಿಕೊಂಡಳು. “ಅಲ್ಲಿ ಅವ್ವ ಹಸಿವಾದಾಗ ಉಣಸ್ತಾಳ್ರಿ,” ಎಂದಳು.

“ತವರಾಗ ಪಥ್ಯ ಕೆಡ್ತದ. ಶ್ರಾವಣಕ್ಕ ಹೋಗೀಯಂತ,” ಎಂದರು ಅತ್ತೆಯವರು.

ಶ್ರಾವಣದವರೆಗೆ ಅವಳು ಉಳಿಯಲಿಲ್ಲ...

ವೈದ್ಯರು ಬಂದು ಕೇಳಿದಾಗ ಅತ್ತೆಯವರು ಅಳುತ್ತ, “ಒಂದ ದಿನಾನೂ ಔಷಧ ತಪ್ಪಿಸಿಲ್ರಿ,” ಎಂದರು. ಅದು ಖರೆ. ಅವರು ಕೆಟ್ಟವರಾಗಿರಲಿಲ್ಲ. ಅದನ್ನೇ ನಾನು ಇಂದಿಗೂ ನುಂಗಲಾರೆ. ಮಾವನವರು ತುಂಬು ವಯಸ್ಸಿನಲ್ಲಿ, ಒಳ್ಳೆಯ ಹಸಿವೆ ಇಟ್ಟುಕೊಂಡೇ ಹೋದರು. ಶಾಸ್ತ್ರ ಸುಳ್ಳಲ್ಲ ಮಕ್ಕಳೇ. ನಮ್ಮ ಮನೆಯಲ್ಲಿ ಅದು ಒಬ್ಬರ ಹೊಟ್ಟೆಗೆ ಮಾತ್ರ ಇತ್ತು.

ಇಂದು ನಿಮ್ಮ ಅವ್ವ ನನ್ನ ಮುಂದೆ ತಾಟು ಇಟ್ಟು, “ಅವರು ಬರೂದು ತಡಾ ಆಗ್ತದ, ನೀವು ಉಂಡುಬಿಡ್ರಿ ಅತ್ತಿ,” ಎಂದಳು. ಅನ್ನದಿಂದ ಹಬೆ ಏಳುತ್ತಿತ್ತು. ಪುಡಿ, ತುಪ್ಪ ಹಾಕಿ ಕಲಸಿದೆ. ಬೆರಳು ಚುರುಕ್ಕೆಂದಿತು.

ಅಕ್ಕನೂ ಬೆರಳು ಸುಟ್ಟುಕೊಳ್ಳುತ್ತಿದ್ದಳು. ಬಡಿಸುವಾಗ. ಉಣ್ಣುವಾಗ ಒಮ್ಮೆಯೂ ಇಲ್ಲ.