ಎಲ್ಲರಿಗೂ ಕಂಡವರು ನನಗೆ ಕಾಣಲಿಲ್ಲ

೧೯೫೭ನೇ ಇಸವಿ. ದೀಪಾವಳಿ ಮುಗಿದು ಒಂದು ವಾರವೋ ಏನೋ ಆಗಿತ್ತು. ಅಕ್ಟೋಬರ್ ತಿಂಗಳ ಕೊನೆಯ ದಿನ. ನಮ್ಮ ಮನೆಯಲ್ಲಿ ಎಲ್ಲವೂ ಎಂದಿನಂತೆ ಇದ್ದ ಕಡೆಯ ದಿನವೂ ಅದೇ.

ಆಗ ನಾವು ಕೆ.ಜಿ.ಎಫ್.ನ ಕೋರಮಂಡಲ್‌ನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯೊಂದರಲ್ಲಿದ್ದೆವು. ನಾನು, ನಮ್ಮ ಯಜಮಾನರು, ನಮ್ಮ ಅತ್ತೆ. ನನ್ನ ತವರು ಬೇತಮಂಗಲದ ಹತ್ತಿರದ ಒಂದು ಹಳ್ಳಿ. ಏಳನೇ ಕ್ಲಾಸಿನವರೆಗೆ ಓದಿದ್ದೆ. ಮದುವೆಯಾಗಿ ಮೂರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಯಜಮಾನರಿಗೆ ಗಣಿಯ ಒಳಗೆ ಕೆಲಸ. ಬಂಡೆ ಕುಸಿಯದ ಹಾಗೆ ಮರದ ದಿಮ್ಮಿ ಆನಿಸುವ ಗುಂಪಿನಲ್ಲಿದ್ದರು.

ಗೋಡೆಯ ಆಚೆಯ ಮನೆ ಆರೋಗ್ಯಮ್ಮನದು. ಅವರು ತಮಿಳು ಕ್ರೈಸ್ತರು. ಆಕೆ ಒಬ್ಬ ಬಿಳಿ ಸಾಹೇಬರ ಬಂಗಲೆಯಲ್ಲಿ ಆಯಾ ಆಗಿದ್ದಳು. ಅವಳ ಮಾವ ಗಣಿಯಿಂದ ನಿವೃತ್ತರಾದ ಮುದುಕರು. ಲೈನಿನವರೆಲ್ಲ ಅವರನ್ನು ತಾತಾ ಎಂದೇ ಕರೆಯುತ್ತಿದ್ದರು.

ನವೆಂಬರ್ ಎರಡನೇ ತಾರೀಖು ಅವರಿಗೆ ಕಲ್ಲರೆ ಹಬ್ಬ. ತೀರಿಹೋದವರ ಸಮಾಧಿಗೆ ಸುಣ್ಣ ಹೊಡೆದು, ಚೆಂಡು ಹೂವಿಟ್ಟು, ಸಂಜೆ ಮೇಣದಬತ್ತಿ ಹಚ್ಚುತ್ತಾರೆ. ಆ ಹಬ್ಬ ಹತ್ತಿರವಾದಾಗ ತಾತಾ ದಿನಾ ಸಂಜೆ ಜಗಲಿಯ ಮೇಲೆ ಕೂತು ದೆವ್ವದ ಕಥೆ ಹೇಳುತ್ತಿದ್ದರು. ಬೇರೆ ದಿನಗಳಲ್ಲಿ ಎಷ್ಟು ಕೇಳಿಕೊಂಡರೂ ಹೇಳುತ್ತಿರಲಿಲ್ಲ. ಸತ್ತವರು ಬರುವ ಕಾಲದಲ್ಲಷ್ಟೇ ಅವರ ಮಾತು ಎತ್ತಬೇಕು ಎನ್ನುತ್ತಿದ್ದರು. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಕುದುರೆ ಓಡಿಸುವ ತಲೆಯಿಲ್ಲದ ದೊರೆ, ಮಾರಿಕುಪ್ಪಂ ರೈಲಿನಲ್ಲಿ ಪಕ್ಕ ಬಂದು ಕೂತು ಎಲೆಅಡಿಕೆಗೆ ಸುಣ್ಣ ಕೇಳುವ ಹೆಂಗಸು. ಸುಣ್ಣ ಕೊಡಲು ಹೋದವರ ಬೆರಳಿಗೆ ಅವಳ ಅಂಗೈ ಬಂಡೆಯ ಹಾಗೆ ತಣ್ಣಗೆ ತಗಲುತ್ತದಂತೆ. ನಾನು ಪ್ರತಿ ವರ್ಷ ಅದನ್ನು ಕೇಳಿ ಹೆದರುತ್ತಿದ್ದೆ. ಮತ್ತೆ ಮರುದಿನ ಎಲ್ಲರಿಗಿಂತ ಮುಂಚೆ ಹೋಗಿ ಕೂರುತ್ತಿದ್ದೆ.

ಆವತ್ತು ಆರೋಗ್ಯಮ್ಮ ಬಂಗಲೆಯಿಂದ ಒಂದು ಸಿಹಿಗುಂಬಳಕಾಯಿ ತಂದಿದ್ದಳು. ಅದರ ತಿರುಳು ತೆಗೆದು ಕಣ್ಣು, ಮೂಗು, ಹಲ್ಲು ಕೆತ್ತಿದ್ದರು. ಸಾಹೇಬರ ಮಕ್ಕಳಿಗೆ ಅದು ದೆವ್ವದ ಹಬ್ಬವಂತೆ. ಬೆಡ್‌ಶೀಟ್ ಹೊದ್ದುಕೊಂಡು ಒಬ್ಬರನ್ನೊಬ್ಬರು ಹೆದರಿಸುತ್ತಾರಂತೆ. ಒಂದು ಹೆಚ್ಚಾಗಿ ಉಳಿದದ್ದನ್ನು ದೊರೆಸಾನಿ ಇವಳಿಗೆ ಕೊಟ್ಟಿದ್ದರು. ತಾತಾ ಅದನ್ನು ಜಗಲಿಯ ಮೇಲಿಟ್ಟು ಒಳಗೆ ಮೇಣದಬತ್ತಿ ಹಚ್ಚಿದರು. ಮಕ್ಕಳು ಕಿರುಚಿಕೊಂಡವು.

ನಮ್ಮ ಯಜಮಾನರು ಅದನ್ನು ಸುತ್ತಲೂ ತಿರುಗಿಸಿ ನೋಡಿದರು. "ಇಂತಾ ಕಾಯಿನ ಕೆತ್ತಿ ಕೆಡಿಸವ್ರಲ್ಲ ತಾತಾ. ಸಾರು ಮಾಡಿದ್ರೆ ಇಡೀ ಲೈನಿಗೆ ಆಗ್ತಿತ್ತು" ಅಂದರು.

ಅವರ ಜೇಬಿನಲ್ಲಿ ಯಾವಾಗಲೂ ಕಳ್ಳೇಕಾಯಿ ಇರುತ್ತಿತ್ತು. ಕಥೆ ಕೇಳುತ್ತಾ ಬಿಡಿಸಿ ಪಕ್ಕದವರಿಗೆಲ್ಲ ಹಂಚುವುದು ಅವರ ಅಭ್ಯಾಸ. ಕಥೆ ಮುಗಿದ ಮೇಲೆ ನಾನು ಬಿಂದಿಗೆ ಹಿಡಿದು ನಲ್ಲಿಗೆ ಹೊರಟೆ. ಅವರು ಸದ್ದಿಲ್ಲದೆ ಹಿಂದೆ ಬಂದು, "ಲೇ ರತ್ನಾ, ಇಂದೆ ತಿರುಗಬ್ಯಾಡ, ಸುಣ್ಣ ಕೇಳ್ತಾ ಅವಳೆ" ಅಂದರು. ನಾನು ಬಿಂದಿಗೆ ಬಿಟ್ಟೆ. ಇಡೀ ಲೈನು ನಕ್ಕಿತು. ನಾನೂ ನಕ್ಕೆ.

ಬೆಳಿಗ್ಗೆ ಅವರು ಶಿಫ್ಟಿಗೆ ಹೊರಟಾಗ ನಾನು ಒಲೆ ಊದುತ್ತಿದ್ದೆ. "ಬತ್ತೀನಿ" ಅಂದರು. ನಾನು ಒಲೆಯ ಕಡೆ ನೋಡುತ್ತಲೇ "ಊಂ" ಅಂದೆ.

ನೆಲ ಅದುರುವುದು ಅಲ್ಲಿಯವರಿಗೆ ಹೊಸದಲ್ಲ. ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಪಾತ್ರೆಗಳು ಗಲಗಲ ಅನ್ನುತ್ತವೆ. ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಾರೆ. ಆ ಮಧ್ಯಾಹ್ನ ಪಾತ್ರೆಗಳು ಗಲಗಲ ಅನ್ನಲಿಲ್ಲ, ಹಲಗೆಯಿಂದ ಕೆಳಗೇ ಬಿದ್ದವು. ಗೋಡೆಯ ಸುಣ್ಣ ಉದುರಿತು. ನಾನೂ ಅತ್ತೆಯೂ ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡಿದೆವು. ಲೈನಿನ ಹೆಂಗಸರೆಲ್ಲ ಅಲ್ಲಿದ್ದರು. ಕೆಲಸಗಾರರನ್ನು ಹೊತ್ತ ಕೇಜು ಮೇಲೆ ಬಂದಾಗಲೆಲ್ಲ ಯಾರೋ ಒಬ್ಬರ ಮನೆಯವರು ಇಳಿಯುತ್ತಿದ್ದರು. ನಮ್ಮವರು ಇಳಿಯಲಿಲ್ಲ.

ಅವರನ್ನು ಮೇಲೆ ತಂದದ್ದು ಮರುದಿನ ಸಂಜೆ. ಆವತ್ತು ಕಲ್ಲರೆ ಹಬ್ಬ. ಮೈಯನ್ನು ಅಡಿಯಿಂದ ಮುಡಿಯವರೆಗೆ ಬಟ್ಟೆಯಲ್ಲಿ ಸುತ್ತಿ ಹಗ್ಗ ಕಟ್ಟಿದ್ದರು. ಮೈಮೇಲಿದ್ದ ನಂಬರಿನ ಟೋಕನ್ ನೋಡಿ ಗುರುತು ಹಿಡಿದೆವು ಎಂದರು. ಒಂದು ಸಲ ಮುಖ ತೋರಿಸಿ ಎಂದು ಕೇಳಿದೆ. ಊರಿನಿಂದ ಬಂದಿದ್ದ ಅವರ ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡು, "ಎಂಗಸ್ರು ನೋಡೋ ಅಂಗಿಲ್ಲ, ಬಿಡವ್ವ" ಅಂದರು. ಪಾದವನ್ನಾದರೂ ತೋರಿಸಿ ಅಂದೆ. ಅವರು ಹಿಡಿದ ಕೈ ಬಿಡಲಿಲ್ಲ. ಲಾರಿಯಲ್ಲಿ ಬಂಗಾರಪೇಟೆಯ ಆಚೆಗಿರುವ ಅವರ ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿದರು. ನಾನು ಕಂಡದ್ದು ಬಟ್ಟೆಯನ್ನು ಮಾತ್ರ.

ಲೈನ್ ಮನೆ ಕೆಲಸ ಮಾಡುವವರಿಗೆ. ನಾವು ಅದನ್ನು ಬಿಟ್ಟು ಬಂಗಾರಪೇಟೆಯಲ್ಲಿ ಸ್ಟೇಷನ್ನಿನ ಹಿಂದೆ ಒಂದು ಕೋಣೆ ಹಿಡಿದೆವು. ನಾನು ರವಿಕೆ, ಅಂಗಿ ಹೊಲಿಯುತ್ತಿದ್ದೆ. ಅತ್ತೆ ಗುಂಡಿ ಹಾಕುತ್ತಿದ್ದರು. ಇಬ್ಬರೂ ಒಂದೇ ಕೋಣೆಯಲ್ಲಿದ್ದರೂ ಯಜಮಾನರ ಮಾತು ಎತ್ತುತ್ತಿರಲಿಲ್ಲ. ಆದರೆ ರೈಲು ಬಂದು ಜನ ಇಳಿದ ಸದ್ದಾದಾಗ ಇಬ್ಬರ ಕೈಯೂ ನಿಲ್ಲುತ್ತಿತ್ತು. ಕಣ್ಣಾರೆ ನೋಡದಿದ್ದವರನ್ನು ಸತ್ತರೆಂದು ಮನಸ್ಸು ಒಪ್ಪುವುದಿಲ್ಲ.

ಮುಂದಿನ ವರ್ಷ ಕಲ್ಲರೆ ಹಬ್ಬಕ್ಕೆ ಬಾ ಎಂದು ಆರೋಗ್ಯಮ್ಮ ಹೇಳಿ ಕಳಿಸಿದಳು. ನಾನು ಸಂಜೆಯ ರೈಲಿನಲ್ಲಿ ಹೋಗಿ ಕೋರಮಂಡಲ್‌ನಲ್ಲಿ ಇಳಿದೆ. ಲೈನು ತಲುಪುವಾಗ ಮುಖ ಮಸುಕಾಗಿ ಕಾಣುವ ಹೊತ್ತು. ತಾತಾನ ಜಗಲಿಯ ಮುಂದೆ ಮಕ್ಕಳೂ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರೂ ಕೂತಿದ್ದರು. ತಾತಾನಿಗೆ ಕಣ್ಣು ಪೂರ್ತಿ ಮಂಜಾಗಿತ್ತು. ನಾನು ನಲ್ಲಿಯ ಹತ್ತಿರ ನಿಂತೆ.

ಅವರು ಹೊಸ ಕಥೆ ಹೇಳುತ್ತಿದ್ದರು. ಕೆಳಗೆ, ಈಗ ಕೆಲಸ ನಿಲ್ಲಿಸಿರುವ ಒಂದು ಕಡೆ, ಒಬ್ಬ ಓಡಾಡುತ್ತಾನಂತೆ. ಒಂಟಿಯಾಗಿ ಕೂತು ಬುತ್ತಿ ಬಿಚ್ಚುವವನ ಹತ್ತಿರ ಬಂದು, ಶಿಫ್ಟು ಮುಗೀತಾ ಎಂದು ಕೇಳುತ್ತಾನಂತೆ. ಇಲ್ಲ ಅಂದರೆ ಪಕ್ಕದಲ್ಲಿ ಕೂತು ಜೇಬಿನಿಂದ ಕಳ್ಳೇಕಾಯಿ ತೆಗೆದು ಕೊಡುತ್ತಾನಂತೆ. ಇವನು ಒಡೆದು ನೋಡಿದರೆ ಎಲ್ಲವೂ ಜೊಳ್ಳು. ತಲೆ ಎತ್ತಿದರೆ ಯಾರೂ ಇಲ್ಲ.

ಮಕ್ಕಳು ಒಂದರ ಮೇಲೊಂದು ಒತ್ತಿಕೊಂಡು ಕೂತವು. ನನಗೆ ಹೆದರಿಕೆಯಾಗಲಿಲ್ಲ. ಒಂದು ವರ್ಷದಿಂದ ಎಲ್ಲೂ ಸಿಗದಿದ್ದ ಸುದ್ದಿ ಈಗ ಸಿಕ್ಕಿತು ಅನ್ನಿಸಿತು. ನಾನು ಮುಂದೆ ಹೋಗಿ ಜಗಲಿಯ ಹತ್ತಿರ ನಿಂತೆ.

"ತಾತಾ, ನೋಡಿದವ್ರು ಏನಂತಾರೆ? ಅವ್ರು ಸೊರಗೋಗವ್ರಾ?"

ದನಿ ಕೇಳಿ ತಾತಾ ತಲೆ ಎತ್ತಿದರು. ಒಂದು ಮಗು ನಕ್ಕಿತು.

"ಮುಖ ಸರಿಯಾಗಿ ಕಾಣಲ್ವಂತೆ ಪಾಪಾ" ಅಂದರು. "ದೀಪ ಹಣೆ ಮೇಲೆ ಇರ್ತದಲ್ಲ. ಎದುರಿಗೆ ನಿಂತ್ರೆ ಬೆಳಕು ನಮ್ಮ ಕಣ್ಣಿಗೇ ಹೊಡೀತದೆ."

ಒಳಗಿನಿಂದ ಬಂದ ಆರೋಗ್ಯಮ್ಮ ಅವರಿಗೆ ಬೈದಳು. ಬೇರೆ ಕಥೆ ಸಿಗಲಿಲ್ಲವೇ ಎಂದಳು. ಎಲ್ಲರೂ ಹೇಳುವುದನ್ನೇ ನಾನು ಹೇಳಿದೆ, ಲೈನಿನಲ್ಲಿ ಈಗ ಈ ಕಥೆಯನ್ನೇ ಕೇಳುತ್ತಾರೆ ಎಂದರು ತಾತಾ. ಆಕೆ ನನ್ನ ಕೈ ಹಿಡಿದು ಸಮಾಧಿಗಳ ಕಡೆ ಕರೆದುಕೊಂಡು ಹೋದಳು. ಅಲ್ಲಿ ತನ್ನ ತಾಯಿಯ ಕಲ್ಲಿನ ಮುಂದೆ ಬತ್ತಿ ಹಚ್ಚಿ, ಮನೆಯಲ್ಲಿ ಕೂತು ಮಾತಾಡುವ ಹಾಗೆ ಮಾತಾಡಿದಳು. ನಾನು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ನೋಡಿದವರು ಯಾರು ಎಂಬುದೊಂದೇ ತಲೆಯಲ್ಲಿತ್ತು.

ಬೆಳಿಗ್ಗೆ ಶಿಫ್ಟು ಬಿಡುವ ಹೊತ್ತಿಗೆ ಹೋಗಿ ವಿಚಾರಿಸಿದೆ. ಕಂಡವನೆಂದು ತಾತಾ ಯಾರ ಹೆಸರು ಹೇಳಿದ್ದರೋ ಅವನು, ನಾನಲ್ಲಕ್ಕಾ, ನಮ್ಮ ಗುಂಪಿನ ಇನ್ನೊಬ್ಬ ಅಂದ. ಆ ಇನ್ನೊಬ್ಬ, ನಾನೂ ಕೇಳಿದ್ದಷ್ಟೇ ಅಂದ. ಮೂರನೆಯವನು ನನ್ನನ್ನು ನೋಡಿ ಟೋಪಿ ತೆಗೆದು ನಿಂತ. ಇವರೆಲ್ಲ ಕಂಡಿದ್ದಾರೆ, ಕನಿಕರಕ್ಕೆ ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಹೆಂಗಸರನ್ನು ಕೆಳಗೆ ಬಿಡುವುದಿಲ್ಲ. ಬಿಟ್ಟಿದ್ದರೆ ಆವತ್ತೇ ಇಳಿಯುತ್ತಿದ್ದೆ.

೧೯೫೯ರ ಮಹಾಲಯ ಅಮಾವಾಸ್ಯೆಗೆ ನಮ್ಮವರಿಗೆ ಮೊದಲ ಸಲ ಎಡೆ ಇಟ್ಟೆವು. ಹಿಂದಿನ ಸಲ ವರ್ಷ ತುಂಬಿರಲಿಲ್ಲ. ನಮ್ಮಲ್ಲಿ ಅದರ ಕ್ರಮ ಹೀಗೆ. ಹೋದವರಿಗೆ ಇಷ್ಟವಾದ ಅಡಿಗೆ ಮಾಡಿ, ಹೊಸ ಬಟ್ಟೆಯ ಮುಂದೆ ಎಲೆ ಹಾಕಿ ಬಡಿಸಿ, ದೀಪ, ಧೂಪ ಇಟ್ಟು, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಆ ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆ. ಒಳಗೆ ಯಾರೂ ಇರಬಾರದು, ಇಣುಕಲೂ ಬಾರದು.

ನಾನು ಹೊಸ ಅಂಗಿ ಹೊಲಿದಿದ್ದೆ. ಅತ್ತೆ ಹಿಂದಿನ ದಿನದಿಂದ ಉಪವಾಸವಿದ್ದು ಮುದ್ದೆ, ಕೋಳಿ ಸಾರು, ಪಾಯಸ ತಾವೇ ಮಾಡಿದರು. ನನಗೆ ಒಲೆಯ ಹತ್ತಿರ ಬರಲು ಬಿಡಲಿಲ್ಲ. ಬಡಿಸಿ ಕೈ ಮುಗಿದು, "ನಡಿ ಅಮ್ಮಾಯಿ" ಎಂದು ಹೊರಗೆ ಹೋದರು. ನಾನು ಹಿತ್ತಲ ಬಾಗಿಲು ಹಾಕಿ ಬರುತ್ತೇನೆ ಎಂದೆ. ಹಿತ್ತಲ ಬಾಗಿಲು ಹಾಕಿದೆ. ಹೊರಗೆ ಹೋಗಲಿಲ್ಲ. ನಾನು ಹಿತ್ತಲಿನಿಂದ ಸುತ್ತಿ ಬರುತ್ತೇನೆಂದುಕೊಂಡು ಅತ್ತೆ ಮುಂಬಾಗಿಲು ಎಳೆದುಕೊಂಡರು. ನಾನು ಹೊಲಿಗೆ ಮಿಷನ್ನಿನ ಹಿಂದೆ, ಮೂಲೆಯಲ್ಲಿ ಕೂತೆ.

ನಡು ಹಗಲು. ಕಿಟಕಿ ಮುಚ್ಚಿದ್ದರಿಂದ ದೀಪದ ಬೆಳಕು ಮಾತ್ರ. ಮುದ್ದೆಯ ಹಬೆ ಸ್ವಲ್ಪ ಹೊತ್ತು ಆಡಿ ನಿಂತಿತು. ಒಂದು ಇರುವೆ ಎಲೆಯ ಅಂಚಿನ ಮೇಲೆ ಪಾಯಸದ ಕಡೆ ನಡೆಯಿತು. ದೀಪ ಅಲುಗಲಿಲ್ಲ. ನಲ್ಲಿಗೆ ಒಬ್ಬಳೇ ಹೋಗಲು ಹೆದರುತ್ತಿದ್ದ ನಾನು ಅಲ್ಲಿ ಕೂತು, ಯಾವ ರೂಪದಲ್ಲಾದರೂ ಬರಲಿ, ಮುಖ ಹೇಗಾದರೂ ಆಗಿರಲಿ ಎಂದು ಬೇಡುತ್ತಿದ್ದೆ. ಗಂಡನ ಹೆಸರು ಬಾಯಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆವತ್ತು ಹೆಸರು ಹಿಡಿದು ಕರೆದೆ. "ನಾನೇ ಅಲ್ವಾ ಇರೋದು, ಬನ್ನಿ" ಅಂದೆ.

ಬಾಗಿಲು ತೆರೆಯಿತು. ಬಂದದ್ದು ಅತ್ತೆ. ನನ್ನನ್ನು ಹುಡುಕಿ ಹೊರಗೆಲ್ಲ ನೋಡಿ, ಕೊನೆಗೆ ಬಾಗಿಲು ತೆಗೆದಿದ್ದರು. ಮೂಲೆಯಲ್ಲಿ ಕೂತ ನನ್ನನ್ನು ನೋಡಿದರು. ಮುಟ್ಟದ ಎಲೆಯನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಹೊಸ್ತಿಲ ಮೇಲೆಯೇ ಕುಸಿದು ಕೂತರು.

"ನೀನು ಕುಂತಿದ್ರೆ ಅವನು ಎಂಗೆ ಬತ್ತಾನಮ್ಮಾಯಿ" ಅಂದರು. "ಎಲ್ಡು ವರ್ಸದಿಂದ ಅಸ್ಕೊಂಡವ್ನೆ ನನ್ನ ಮಗ. ಬಾಗಿಲ ತಾವ ನಿಂತಿದ್ದು ಓಗಿರ್ತಾನೆ."

ಎಡೆಯ ಅಡಿಗೆಯನ್ನು ಅತ್ತೆ ತಾವೇ ಒಯ್ದು ಕಾಗೆಗಳಿಗೆ ಹಾಕಿದರು. ಆ ದಿನ ಇಬ್ಬರೂ ಉಣ್ಣಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ಅತ್ತೆಯ ಪಕ್ಕದಲ್ಲಿ, ಹೊರಗೆ, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಬಾಗಿಲು ತೆರೆದ ಕೂಡಲೇ ಅವರು, ಬಂದಿದ್ದ, ಪಾಯಸ ತಗ್ಗಿದೆ ನೋಡು ಎನ್ನುತ್ತಿದ್ದರು. ನಾನು ಹೌದು ಎನ್ನುತ್ತಿದ್ದೆ. ನನ್ನ ಕಣ್ಣಿಗೆ ಬಡಿಸಿದ್ದು ಬಡಿಸಿದಂತೆಯೇ ಇರುತ್ತಿತ್ತು. ಆ ಸಲ ನಾನು ಒಳಗಿದ್ದುದರಿಂದ ನಮ್ಮವರು ಬರಲಿಲ್ಲವೋ, ಬರುವುದು ಎಂಬುದೇ ಇಲ್ಲವೋ, ನನಗೆ ತಿಳಿಯುವ ದಾರಿ ಇಲ್ಲ. ಆ ಒಂದು ಸಲ ನಾನು ಹೊರಗೆ ಹೋಗಿದ್ದರೆ ಎಂದು ಅತ್ತೆ ಮತ್ತೆ ಎಂದೂ ಅನ್ನಲಿಲ್ಲ. ನಾಲ್ಕು ವರ್ಷದ ಹಿಂದೆ ಅವರೂ ಹೋದರು. ಈಗ ಎಲೆ ಎರಡು ಹಾಕುತ್ತೇನೆ. ಒಬ್ಬಳೇ ಹೊರಗೆ ಬಂದು ಕೂರುತ್ತೇನೆ.

ಮೊನ್ನೆ ಮಾರಿಕುಪ್ಪಂ ರೈಲಿನಲ್ಲಿ ಸ್ಕೂಲು ಹುಡುಗಿಯರು ನನ್ನ ಎದುರು ಕೂತು ಕಳ್ಳೇಕಾಯಿ ಕೊಡುವವನ ಅದೇ ಕಥೆ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ನಮ್ಮವರಿಗೆ ಉದ್ದ ಹಲ್ಲು ಬಂದಿದೆ. ಕಾಲು ಹಿಂದುಮುಂದಾಗಿದೆ. ಒಬ್ಬಳು, ನಮ್ಮ ಮಾವ ಕಣ್ಣಾರೆ ಕಂಡಿದ್ದಾರೆ ಎಂದು ಆಣೆ ಇಟ್ಟಳು. ಅದು ಹಾಗಲ್ಲ, ಅವರು ಯಾರಿಗೂ ಕೆಟ್ಟದ್ದು ಮಾಡಿದವರಲ್ಲ ಎಂದು ಹೇಳಬೇಕೆನಿಸಿತು. ಹೇಳಿದ್ದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಸುಮ್ಮನೆ ಕೂತು ನನ್ನ ಸ್ಟೇಷನ್ನಿನಲ್ಲಿ ಇಳಿದೆ.

ನಾವಿಬ್ಬರೂ ಫೋಟೋ ತೆಗೆಸಿಕೊಂಡಿರಲಿಲ್ಲ. ಅವರ ದನಿ ಈಗಲೂ ಕಿವಿಯಲ್ಲಿದೆ. ಮುಖ ನೆನಪಿಗೆ ಬರುವುದಿಲ್ಲ.