ಇಪ್ಪತ್ತೈದನೆಯ ಪದ

ಕಾಕನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಅಂಗುಲ ಉದ್ದವಿತ್ತು. ಅಂಚೆಲ್ಲ ಹಳದಿ, ನಡುವೆ ಬೆಸುಗೆಯ ಕಾದ ಹನಿ ಬಿದ್ದು ಸುಟ್ಟ ಒಂದು ಕಪ್ಪು ಚುಕ್ಕೆ. ಯಂತ್ರದ ಸಂದಿಗೆ ಆ ಉಗುರನ್ನು ತೂರಿಸಿ ಒಮ್ಮೆ ತಿರುವಿದರೆ ಸಾಕು, ಎಂಥ ಬಿಗಿ ಮುಚ್ಚಳವೂ ಬಾಯಿ ಬಿಡುತ್ತಿತ್ತು. ಸ್ಕ್ರೂಡ್ರೈವರ್ ಹಾಕಿದರೆ ಗೀರು ಬೀಳುತ್ತದೆ, ಉಗುರಿಗೆ ಬೀಳುವುದಿಲ್ಲ ಎಂದು ಅವರ ವಾದ. ಅದೇ ಉಗುರಿನಿಂದ ಬಂಗುಡೆ ಮೀನಿನ ಮುಳ್ಳನ್ನೂ ಬಿಡಿಸುತ್ತಿದ್ದರು ಎನ್ನುವುದನ್ನು ಮಾತ್ರ ನಾನು ನೋಡದಂತೆ ಇರುತ್ತಿದ್ದೆ.

ಮಂಗಳೂರಿನ ಬಂದರಿನಲ್ಲಿ, ಒಣಮೀನಿನ ಎರಡು ಗೋದಾಮುಗಳ ನಡುವೆ ಅವರ ಅಂಗಡಿ. ಬೋಟುಗಳ ವೈರ್‌ಲೆಸ್, ಜಿಪಿಎಸ್, ನೀರಿನಡಿಯ ಮೀನಿನ ಹಿಂಡು ತೋರಿಸುವ ಫಿಶ್ ಫೈಂಡರ್ ಇವುಗಳ ರಿಪೇರಿ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಲ್ಯಾಬಿನ ಹಳೆಯ ಪವರ್ ಸಪ್ಲೈ ಒಂದನ್ನು ಊರಿನ ಎಲ್ಲ ಅಂಗಡಿಯವರೂ ಎಸೆಯಿರಿ ಎಂದಾಗ ಹಟ ಹಿಡಿದು ಅಲ್ಲಿಗೆ ಹೊತ್ತುಕೊಂಡು ಹೋಗಿದ್ದೆ. ಅವರು ಅದನ್ನು ಮೂಸಿ ನೋಡಿ, "ಸತ್ತಿಲ್ಲ ಟೀಚರ್, ಹೆದರಿದ್ದಷ್ಟೆ" ಎಂದರು. ಮರುವಾರ ಅದು ಸರಿಯಾಗಿತ್ತು. ಬೋಟಿನವರೆಲ್ಲ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಮೇಲೆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವಳು ಜೆಪ್ಪುವಿನಲ್ಲಿರುವ ನನ್ನ ಮನೆಗೆ ನೇರ ಹೋಗುವ ಬದಲು ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರುವುದು ಅಭ್ಯಾಸವಾಯಿತು. ಗಂಡ ಮಸ್ಕತ್ತಿನಲ್ಲಿ, ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಬೆಸುಗೆ ಹಾಕುವುದನ್ನು ನಾನು ಕಲಿತದ್ದು ಅಲ್ಲಿ. ಕಾಲೇಜಿನಲ್ಲಿ ಕಲಿತಿದ್ದೆ ಎಂದುಕೊಂಡಿದ್ದೆ, ಕಾಕ ನನ್ನ ಒಂದು ಜೋಡಣೆಯನ್ನು ಉಗುರಿನಿಂದ ಕಿತ್ತು ತೋರಿಸುವವರೆಗೆ.

ಅವರ ಹತ್ತಿರ ಬಿಟ್‌ಕಾಯಿನ್ ಇದೆ ಎಂದು ನನಗೆ ಗೊತ್ತಾದದ್ದು ಎರಡು ವರ್ಷ ಕಳೆದ ಮೇಲೆ. ಗಲ್ಫಿನಲ್ಲಿ ಹಡಗುಗಳ ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ, ಅದರ ಹೆಸರನ್ನು ಯಾರೂ ಕೇಳಿರದಾಗ, ಆಟಕ್ಕೆಂದು ಹಳೆಯ ಕಂಪ್ಯೂಟರುಗಳನ್ನು ಜೋಡಿಸಿ ಓಡಿಸಿ ಗಳಿಸಿದ್ದು. ಊರಿಗೆ ಬಂದ ಮೇಲೂ ಮಾರಲಿಲ್ಲ. ಆಸೆಯಿಂದಲ್ಲ, ಮಾರಲು ಹೋದರೆ ಇದೆ ಎಂದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂಬ ಹೆದರಿಕೆಯಿಂದ. ಮನೆ ಬಾಡಿಗೆಯದು, ಅಂಗಡಿ ಬಾಡಿಗೆಯದು, ಓಡಾಟಕ್ಕೆ ಒಂದು ಹಳೆಯ ಸ್ಕೂಟರ್. ಹೆಂಡತಿಯ ಮುಂದಿನ ಬದುಕಿಗೆಂದು ಅವರು ಕೂಡಿಟ್ಟದ್ದೆಲ್ಲ ಅದೊಂದರಲ್ಲೇ ಇತ್ತು.

ಪತ್ರಿಕೆಯಲ್ಲಿ ಬಿಟ್‌ಕಾಯಿನ್ ಬೆಲೆ ಏರಿದ ಸುದ್ದಿ ಬಂದ ದಿನ ಕಾಕ ಇದ್ದುದರಲ್ಲೇ ಹರಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ಚಾದ ಅಂಗಡಿಯಲ್ಲಿ ಯಾರಾದರೂ ಆ ಮಾತೆತ್ತಿದರೆ, "ಅದೆಂತ ಕಾಯಿನ್ ಮಾರಾಯ? ತಿನ್ಲಿಕ್ಕೆ ಆಗ್ತದಾ?" ಎಂದು ಕೇಳಿ ನಗಿಸುತ್ತಿದ್ದರು. ಆ ನಗು ಮುಗಿಸಿ ಅಂಗಡಿಯೊಳಗೆ ಬಂದಾಗ ಅವರ ಕುತ್ತಿಗೆಯೆಲ್ಲ ಬೆವರಿರುತ್ತಿತ್ತು. ನಾನು ಹೋದೊಡನೆ ಮೊದಲು ಕೇಳುತ್ತಿದ್ದುದು, "ಹಿಂದೆ ಯಾರಾದ್ರೂ ಬಂದ್ರಾ ಟೀಚರ್?" ಎಂದು. ಮೊದಲು ನಗು ಬರುತ್ತಿತ್ತು. ಬರಬರುತ್ತಾ ನಾನೂ ಗೋದಾಮಿನ ತಿರುವಿನಲ್ಲಿ ನಿಂತು ಹಿಂದೆ ತಿರುಗಿ ನೋಡತೊಡಗಿದೆ.

"ಬ್ಯಾಂಕಿನಲ್ಲಿ ಹೋದ್ರೆ ಕೌಂಟರಿನ ಮುಂದೆ ನಿಂತು ಬೊಬ್ಬೆ ಹೊಡೀಬಹುದು. ಇದಕ್ಕೆ ಕೌಂಟರೇ ಇಲ್ಲ. ಪದ ಯಾರ ಹತ್ರ ಉಂಟೋ ಹಣ ಅವರದ್ದು," ಎನ್ನುತ್ತಿದ್ದರು.

ಪದ ಎಂದರೆ ಇಪ್ಪತ್ತನಾಲ್ಕು ಇಂಗ್ಲಿಷ್ ಪದಗಳು. ಅವನ್ನು ಒಂದು ಸ್ಟೀಲ್ ತಗಡಿನ ಮೇಲೆ ಒಂದೊಂದೇ ಅಕ್ಷರ ಕುಟ್ಟಿ ಮೂಡಿಸಿದ್ದರು. ಬೆಂಕಿಗೆ ಬಿದ್ದರೂ ಉಪ್ಪುನೀರಿಗೆ ಬಿದ್ದರೂ ಅಳಿಯಬಾರದು. ಆ ಪದಗಳನ್ನು ಒತ್ತಿ ಹಣವನ್ನು ತೆರೆಯಲು ಒಂದು ಪುಟ್ಟ ಪೆಟ್ಟಿಗೆ ಬೇಕು. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯನ್ನು ಕಾಕ ನಂಬಲಿಲ್ಲ. "ಬೇರೆಯವರು ಮುಚ್ಚಿದ್ದರ ಒಳಗೆ ಎಂತ ಉಂಟಂತ ನನಗೆ ಹೇಗೆ ಗೊತ್ತು?" ಎಂದು ತಾವೇ ಒಂದನ್ನು ಕಟ್ಟಿದರು. ಕೆಟ್ಟ ಜಿಪಿಎಸ್‌ನ ಪರದೆ, ಬೋಟಿನ ವೈರ್‌ಲೆಸ್‌ನಿಂದ ಕಿತ್ತ ಎರಡು ಒತ್ತುಗುಂಡಿ. ಒಂದನ್ನು ಒತ್ತಿದರೆ 'ಟಿಕ್' ಎಂದು ಅಕ್ಷರ ಮುಂದೆ ಸರಿಯುತ್ತದೆ, ಇನ್ನೊಂದನ್ನು ಒತ್ತಿದರೆ 'ಟಕ್' ಎಂದು ಆ ಅಕ್ಷರ ಕೂರುತ್ತದೆ. ಪ್ರತಿ ಸಲವೂ ಅಕ್ಷರಮಾಲೆ ಮೊದಲಿನಿಂದಲೇ ಶುರು.

ತಗಡಿನಲ್ಲಿ ಇಲ್ಲದ ಇಪ್ಪತ್ತೈದನೆಯ ಪದ ಒಂದಿತ್ತು. ಅದು ಕಾಕನ ತಲೆಯಲ್ಲಿ ಮಾತ್ರ. ತಗಡು ಕಳ್ಳರ ಕೈಗೆ ಸಿಕ್ಕಿದರೂ ಈ ಕೊನೆಯ ಪದವಿಲ್ಲದೆ ಹಣ ಕಾಣುವುದಿಲ್ಲ. ನನ್ನ ನಿದ್ದೆ ಕೆಡಿಸಿದ ಸಂಗತಿಯೆಂದರೆ, ಆ ಪದ ತಪ್ಪಾದರೆ ಪೆಟ್ಟಿಗೆ ತಪ್ಪು ಎಂದು ಹೇಳುವುದೇ ಇಲ್ಲ. ಸುಮ್ಮನೆ ಒಂದು ಸೊನ್ನೆ ತೋರಿಸುತ್ತದೆ, ಅಲ್ಲಿ ಎಂದೂ ಏನೂ ಇರಲಿಲ್ಲ ಎಂಬಂತೆ.

"ಬರೆದಿಡಿ ಕಾಕ. ನಾಳೆ ನಿಮಗೆ ಏನಾದ್ರೂ ಆದ್ರೆ?" ಎಂದು ಎಷ್ಟು ಸಲ ಬೇಡಿಕೊಂಡೆನೋ.

"ಬರೆದದ್ದನ್ನು ಕದೀತಾರೆ. ಹೇಳಿದ್ರೆ, ಹೇಳಿಸಿಕೊಂಡವರನ್ನು ಹಿಡಿದು ಬಡೀತಾರೆ. ಯಾರಿಗೆ ಹೇಳಲಿ ಮಾರಾಯ್ರೆ?"

ವರ್ಷಕ್ಕೊಮ್ಮೆ, ಮೀನುಗಾರಿಕೆಗೆ ರಜೆ ಸಿಕ್ಕಿ ಬೋಟುಗಳೆಲ್ಲ ದಕ್ಕೆಗೆ ಬಂದು ನಿಂತ ಮೊದಲ ಭಾನುವಾರ, ಕಾಕ ಆ ಪೆಟ್ಟಿಗೆಯನ್ನು ಪೂರ್ತಿ ಅಳಿಸಿಬಿಡುತ್ತಿದ್ದರು. ಬೇಕೆಂದೇ. ಆಮೇಲೆ ತಗಡು ನೋಡಿ ಎಲ್ಲ ಪದಗಳನ್ನೂ ಮತ್ತೆ ಒತ್ತಿ ಹಣ ಹಿಂದೆ ಬರುತ್ತದೋ ಎಂದು ಪರೀಕ್ಷೆ. ಅಳಿಸಿ ಹಿಂದೆ ತರಲು ಆಗದವನಿಗೆ ಅದು ತನ್ನದು ಎನ್ನುವ ಹಕ್ಕಿಲ್ಲ ಎಂದು ಅವರ ಲೆಕ್ಕ. ನಡುವೆ ಎದೆ ಹಿಡಿದುಕೊಂಡರೆ ಯಾರಾದರೂ ಬೇಕಲ್ಲ, ಅದಕ್ಕೆ ನಾನು. ಅರ್ಧ ಷಟರ್ ಎಳೆದು, ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದರು. ಇಪ್ಪತ್ತನಾಲ್ಕು ಪದಗಳನ್ನು ಬಡಬಡನೆ ಒತ್ತಿ ಮುಗಿಸಿ, ಎದ್ದು ಫ್ಯಾನ್ ಆರಿಸಿ ಬರುತ್ತಿದ್ದರು. ಗಾಳಿಗೆ ಕೈ ನಡುಗುತ್ತದೆಯಂತೆ. ಕೊನೆಯ ಪದವನ್ನು ಮಾತ್ರ ನಿಧಾನವಾಗಿ, ಒಂದೊಂದೇ ಟಿಕ್ ಬಿಡಿಸಿ ಒತ್ತುತ್ತಿದ್ದರು. ಮಂಗಳೂರಿನ ಸೆಕೆಯಲ್ಲಿ ಫ್ಯಾನಿಲ್ಲದೆ, ಗೋಡೆ ನೋಡುತ್ತಾ, ಕುಳಿತಿರುತ್ತಿದ್ದೆ.

ಪಾಪದ ಮಾತನ್ನು ಹೇಳಿಬಿಡುತ್ತೇನೆ. ಹಾಗೆ ಕುಳಿತ ಮೂರನೆಯ ವರ್ಷ ನಾನು ಎಣಿಸಿದೆ. ಬೇಕೆಂದು ಎಣಿಸಿದ್ದಲ್ಲ. ಲೋಲಕದ ಆಂದೋಲನ ಎಣಿಸಿ ಎಣಿಸಿ ಮುದುಕಿಯಾಗುತ್ತಿರುವ ನನ್ನ ತಲೆ ತನ್ನಷ್ಟಕ್ಕೆ ಎಣಿಸಿತು. ಎಂಟು ಟಕ್, ಎಂಟು ಅಕ್ಷರ; ಪ್ರತಿ ಟಕ್‌ಗೆ ಮುಂಚೆ ಎಷ್ಟು ಟಿಕ್ಕೋ ಅಷ್ಟನೆಯ ಅಕ್ಷರ. ಮನೆಗೆ ಹೋಗುವ ಬಸ್ಸಿನಲ್ಲಿ ಅಕ್ಷರಗಳು ತಾವೇ ಸಾಲಾಗಿ ನಿಂತು ಒಂದು ಪದವಾದವು. ಒಬ್ಬ ಮನುಷ್ಯನ ಬದುಕಿನ ಬೀಗದ ಕೈ ನನ್ನ ತಲೆಯೊಳಗೆ ಬಂದು ಕುಳಿತಿದೆ, ಅವನಿಗೆ ಗೊತ್ತಿಲ್ಲ. ಮುಂದಿನ ವರ್ಷ ಎಣಿಸಬಾರದೆಂದು ಮನಸ್ಸಿನಲ್ಲೇ ಜಪಸರ ಹೇಳಿಕೊಂಡು ಕುಳಿತೆ, ಜಪದ ನಡುವೆಯೂ ಅದೇ ಎಂಟು ಅಕ್ಷರ ಕೇಳಿತು. ಕಾಕನಿಗೆ ಹೇಳಿದರೆ ಅವರು ಹೆದರಿ ನನ್ನನ್ನು ಮತ್ತೆ ಅಂಗಡಿಗೆ ಸೇರಿಸಲಿಕ್ಕಿಲ್ಲ. ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳೋಣವೆಂದರೆ ಬಿಟ್‌ಕಾಯಿನ್ ಎಂದರೇನು ಎಂಬಲ್ಲಿಂದ ಶುರುಮಾಡಬೇಕು. ಯಾರಿಗೂ ಹೇಳಲಿಲ್ಲ.

ಕಳೆದ ವರ್ಷ ಕಾಕನಿಗೆ ಅಂಗಡಿಯಲ್ಲೇ ಪಾರ್ಶ್ವವಾಯು ಹೊಡೆಯಿತು. ಕಂಕನಾಡಿಯ ಆಸ್ಪತ್ರೆಗೆ ಸೇರಿಸಿದರು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು, ಉಳಿದದ್ದು ಒಂದೇ ಮಾತು, "ಆಯ್ತು". ನೀರು ಬೇಕಾದರೂ ಆಯ್ತು, ನೋವಾದರೂ ಆಯ್ತು.

ಐದನೆಯ ದಿನ ಸಂಜೆ ಅವರ ಅಳಿಯ ನನ್ನ ಮನೆಗೆ ಬಂದ. ಸಿಸಿಟಿವಿ ಹಾಕುವ ಕೆಲಸದವನು, ಮರ್ಯಾದಸ್ಥ. ಚಪ್ಪಲಿಯನ್ನು ಹೊರಗೆ ನೇರವಾಗಿ ಜೋಡಿಸಿಟ್ಟು ಒಳಗೆ ಬಂದು ಕುಳಿತ. ತನಗೆ ಏನಾದರೂ ಆದರೆ ಅಕ್ಕಿ ಡಬ್ಬದ ಅಡಿಯ ತಗಡು ತೆಗೆಯಬೇಕೆಂದು ಮಾವ ಅತ್ತೆಗೆ ಹೇಳಿದ್ದರಂತೆ. ತೆಗೆದು, ಇಪ್ಪತ್ತನಾಲ್ಕು ಪದಗಳನ್ನೂ ಇವನೇ ಒತ್ತಿದ್ದಾನೆ.

"ಸೊನ್ನೆ ಉಂಟು ಟೀಚರ್. ಏನೂ ಇಲ್ಲ. ಯಾರೋ ತೆಗೆದಿದ್ದಾರೆ," ಎಂದ. ಆಮೇಲೆ, "ಮಾಮ ಇದನ್ನು ತೆರೆಯುವಾಗ ಜೊತೆಯಲ್ಲಿ ಕೂರ್ತಿದ್ದದ್ದು ನೀವು ಮಾತ್ರ ಅಂತ ಅತ್ತೆ ಹೇಳಿದ್ರು," ಎಂದ.

"ಯಾರೂ ತೆಗೆದಿಲ್ಲ. ಇನ್ನೊಂದು ಪದ ಉಂಟು. ಅದು ತಗಡಿನಲ್ಲಿಲ್ಲ."

"ಅದು ನಿಮಗೆ ಹೇಗೆ ಗೊತ್ತು?"

ಪದ ಹೇಳಿದರೆ ಕದ್ದು ಕೇಳಿದವಳಾಗುತ್ತೇನೆ. ಹೇಳದಿದ್ದರೆ ಹಣ ಕದ್ದವಳಾಗುತ್ತೇನೆ. ಇವನೊಬ್ಬನಿಗೇ ಹೇಳಿದರೆ ನಾಳೆ ಆ ಹಣ ಎಲ್ಲಿಗೆ ಹೋದರೂ ನನ್ನ ಹೆಸರೇ ಬರುತ್ತದೆ, ಕಾಕನ ಹೆಂಡತಿಯ ಕೈಗೆ ಏನೂ ಬಾರದೆಯೂ ಇರಬಹುದು. ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು, ಅದನ್ನೂ ನಾನು ಎಣಿಸುತ್ತಿದ್ದೆ.

"ನಾಳೆ ಕಾಕನ ಎದುರಿಗೇ ಮಾತಾಡ್ತೇನೆ. ನಿಮ್ಮ ಅತ್ತೆಯೂ ಇರಬೇಕು, ಪೆಟ್ಟಿಗೆಯೂ ಬೇಕು," ಎಂದೆ.

"ಆಗಲಿ ಟೀಚರ್. ಪೊಲೀಸಿಗೆ ಹೋಗುವುದು ನನಗೂ ಇಷ್ಟ ಇಲ್ಲ," ಎಂದು ಅದೇ ಮೆತ್ತಗಿನ ದನಿಯಲ್ಲಿ ಹೇಳಿ ಹೊರಟ. ಅವನು ಬೈದಿದ್ದರೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮರುದಿನ ನಾಲ್ಕು ಗಂಟೆಗೆ ಕಾಕನ ಹಾಸಿಗೆಯ ಸುತ್ತ ನಾವು ಮೂವರು. ಅವರ ಹೆಂಡತಿ ನನ್ನ ಮುಖ ನೋಡಲಿಲ್ಲ. ನನಗಿದ್ದ ಒಂದೇ ಆಸೆ, ಕಾಕನ ಕೈಗೆ ಆ ಪದ ಇನ್ನೂ ನೆನಪಿರಬಹುದು, ನಾನು ಬಾಯಿ ಬಿಡಬೇಕಾಗಿ ಬರಲಿಕ್ಕಿಲ್ಲ ಎಂದು. ಪೆಟ್ಟಿಗೆಯನ್ನು ಅವರ ಎಡಗೈಗೆ ಕೊಟ್ಟೆವು. ಒತ್ತಿದರು. ಮೊದಲ ಅಕ್ಷರ ಸರಿ, ಎರಡನೆಯದೂ ಸರಿ. ಮೂರನೆಯದರಲ್ಲಿ ಟಿಕ್ ಟಿಕ್ ಎಂದು ಹೋದ ಬೆರಳು ನಿಲ್ಲಬೇಕಾದಲ್ಲಿ ನಿಲ್ಲದೆ ಮುಂದೆ ಹೋಯಿತು. ಮತ್ತೆ ಶುರುಮಾಡಿದರು. ಮತ್ತೆ ಅಲ್ಲೇ ತಪ್ಪಿತು. ಮೂರನೆಯ ಸಲಕ್ಕೆ ಕಾಕ ಅಳತೊಡಗಿದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ನೋಡಲಾಗಲಿಲ್ಲ.

ಅಳಿಯ ಪೆಟ್ಟಿಗೆ ತೆಗೆದುಕೊಳ್ಳಲು ಕೈ ಚಾಚಿದ. ಕಾಕ ಕೊಡಲಿಲ್ಲ. ನನ್ನ ಕಡೆ ತಿರುಗಿದರು. ಎಡಗೈ ಎತ್ತಿ ತಮ್ಮ ಕಿವಿ ಮುಟ್ಟಿಕೊಂಡು, ಅದೇ ಬೆರಳನ್ನು ನನ್ನತ್ತ ತೋರಿಸಿದರು. ಪೆಟ್ಟಿಗೆಯನ್ನು ನನ್ನ ಮಡಿಲಿಗೆ ತಳ್ಳಿದರು.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ತಿಳಿಯಿತು. ಆರಿಸಿದ ಫ್ಯಾನು, ನಿಧಾನದ ಟಿಕ್, ಬೋಟಿನಿಂದ ಹುಡುಕಿ ತಂದ ಗಟ್ಟಿ ಸದ್ದಿನ ಗುಂಡಿ. ಬರೆಯಲು ಹೆದರಿದವರು, ಹೇಳಲು ಹೆದರಿದವರು, ಎಣಿಸದೆ ಇರಲಾಗದ ಒಬ್ಬಳನ್ನು ವರ್ಷ ವರ್ಷ ಬೆನ್ನ ಹಿಂದೆ ಕೂರಿಸಿಕೊಂಡು ಒತ್ತಿದ್ದರು.

"ಕಾಕ, ನಿಮಗೆ ಗೊತ್ತಿತ್ತಾ?" ಎಂದೆ.

"ಆಯ್ತು," ಎಂದರು.

ನಾನೇ ಒತ್ತಿದೆ. ಎಂಟು ಅಕ್ಷರ ಒತ್ತುವಷ್ಟರಲ್ಲಿ ನನ್ನ ಅಂಗೈ ಒದ್ದೆಯಾಗಿ ಪೆಟ್ಟಿಗೆ ಜಾರುತ್ತಿತ್ತು. ಇಷ್ಟು ವರ್ಷ ಎಲ್ಲಾದರೂ ಒಂದು ಟಿಕ್ ತಪ್ಪಿ ಎಣಿಸಿದ್ದರೆ ಈಗ ಬರುವುದೂ ಸೊನ್ನೆಯೇ. ಕೊನೆಯ ಟಕ್ ಒತ್ತಿ, ನಾನು ನೋಡದೆ, ಪರದೆಯನ್ನು ಅವರ ಹೆಂಡತಿಯ ಕಡೆ ತಿರುಗಿಸಿದೆ. ಅವರಿಗೆ ಓದಲು ತಿಳಿಯಲಿಲ್ಲ. ಅಳಿಯ ಬಗ್ಗಿ ಓದಿದ. ಓದಿ, "ಉಂಟು" ಎಂದು ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟ. ಆಮೇಲೆ ಎದ್ದು ಹೋಗಿ ನನಗೆ ಕ್ಯಾಂಟೀನಿನಿಂದ ಚಾ ತಂದುಕೊಟ್ಟ. ಅದಕ್ಕೆ ಸಕ್ಕರೆ ಹಾಕುವುದನ್ನು ಮರೆತಿದ್ದ.

ಹನ್ನೆರಡು ದಿನಗಳ ನಂತರ ಕಾಕ ಹೋದರು. ಹೋಗುವ ಮುನ್ನ ಇನ್ನೊಂದು ಶಬ್ದವೂ ಅವರಿಗೆ ಮರಳಿ ಬರಲಿಲ್ಲ. ನನಗೆ ಕೇಳಬೇಕಿತ್ತು: ಕದಿಯುತ್ತಾಳೆಂದು ಹೆದರಿಕೆಯಾಗಲಿಲ್ಲವೇ, ಇಡೀ ಊರಿಗೆ ಹೆದರುವ ನಿಮಗೆ ನನ್ನೊಬ್ಬಳ ಮೇಲೆ ಇದೆಂಥ ಧೈರ್ಯ ಎಂದು. ನನ್ನ ಗಂಡನೂ ನನ್ನನ್ನು ಇಷ್ಟು ನಂಬಿಲ್ಲ.

ನಲವತ್ತು ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಹಣವನ್ನು ಹೊಸ ಪದಕ್ಕೆ ಹೇಗೆ ಬದಲಾಯಿಸುವುದು ಎಂದು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ನನ್ನ ತಲೆಯಲ್ಲಿರುವುದು ಕೆಲಸಕ್ಕೆ ಬಾರದ ಎಂಟು ಅಕ್ಷರವಾಗಬೇಕು, ಅದೊಂದೇ ನನಗೆ ಬೇಕಾಗಿದ್ದುದು. ಕಾಕನ ಹೆಂಡತಿ ಕಾಗದವನ್ನು ಮಡಚಿ ನನ್ನ ಕೈಗೇ ಹಿಂದೆ ಕೊಟ್ಟರು.

"ಬೇಡ ಟೀಚರ್. ನನಗೆ ಮರೆತ್ರೆ? ನಿಮ್ಮ ಹತ್ರವೂ ಇರ್ಲಿ."

"ನನಗೆ ಹೆದರಿಕೆ ಆಗ್ತದೆ," ಎಂದೆ.

"ಅವರಿಗೂ ಆಗ್ತಿತ್ತು," ಎಂದರು.

ನಾನು ಕಾಗದವನ್ನು ಹರಿದು ಅವರ ಒಲೆಗೆ ಹಾಕಿದೆ. ಊಟ ಮಾಡಿಸಿಯೇ ಕಳಿಸಿದರು. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಒಬ್ಬ ಅಪರಿಚಿತ ಬಂದು ಕುಳಿತಾಗ ನನ್ನ ಕೈಚೀಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡೆ. ಅದರಲ್ಲಿ ಒಂದು ಕೊಡೆ ಮತ್ತು ಅವರು ಕಟ್ಟಿಕೊಟ್ಟ ಅಕ್ಕಿಯ ಪತ್ತಿರಿ ರೊಟ್ಟಿ ಬಿಟ್ಟರೆ ಬೇರೆ ಏನೂ ಇರಲಿಲ್ಲ.