ರಿವಾಜಿನ ಎರಡು ಕಾಗದ

ನನ್ನ ಕಾನೂನಿನ ನೋಟುಬುಕ್ಕಿನ ಹನ್ನೊಂದನೆಯ ಪುಟದಲ್ಲಿ ಶೇಂಗಾ ಹಿಂಡಿಯ ಎಣ್ಣೆಯ ಕಲೆ ಇದೆ. ಚಿಕ್ಕ ಹೆಬ್ಬೆರಳಿನಷ್ಟು ಅಗಲ. ಪುಟದ ತಲೆಯಲ್ಲಿ ನನ್ನ ಅಕ್ಷರ: ‘ಕಾನೂನು ಎಲ್ಲಿಂದ ಹುಟ್ಟುತ್ತದೆ.’

ಕಲೆ ಮಾಡಿದವಳು ಅಣ್ಣನ ಮಗಳು. ಐದು ವರ್ಷದವಳು. ಕಲ್ಯಾಣದ ನಮ್ಮ ಮನೆಯ ಪಡಸಾಲೆಯಲ್ಲಿ ಈ ಪುಟ ತೆರೆದಿಟ್ಟುಕೊಂಡು ನಾನು ಕಾಗದ ಬರೆಯುತ್ತ ಕುಳಿತಾಗ ಕೈಯಲ್ಲಿ ಹಿಂಡಿ ಹಚ್ಚಿದ ರೊಟ್ಟಿಯ ಚೂರು ಹಿಡಿದು ಬಂದು, ಪುಟದ ಮೇಲೆ ಬೆರಳಿಟ್ಟು ಕೇಳಿದಳು:

“ಅತ್ತಿ, ಅವ್ವಗ ಚೀಟಿ ಬರ್ಯಾಕತ್ತೀ ಏನು?”

“ಹೂಂ,” ಎಂದೆ.

ಅದು ಸುಳ್ಳು. ನಾನು ಬರೆಯುತ್ತಿದ್ದುದು ಅವಳು ಅವಳ ಅವ್ವನ ಬಳಿಗೆ ಎಂದೂ ಹೋಗಬಾರದು ಎಂಬ ಕಾಗದ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಕಾನೂನಿನ ವರ್ಗ ಸೇರಿದ್ದೆ. ವರ್ಗದಲ್ಲಿ ನಾನೊಬ್ಬಳೇ ಹೆಣ್ಣು. ಪಾಠ ಉರ್ದುವಿನಲ್ಲಿ, ನನ್ನ ಟಿಪ್ಪಣಿ ಕನ್ನಡದಲ್ಲಿ. ರಜೆಗೆ ಊರಿಗೆ ಬಂದಾಗ ಮನೆಯಲ್ಲಿ ವೈನಿ, ಅಣ್ಣನ ಹೆಂಡತಿ, ಇರಲಿಲ್ಲ. ಅಣ್ಣ ಜ್ವರದಲ್ಲಿ ಹೋಗಿ ಎರಡು ವರ್ಷವಾಗಿತ್ತು. ವೈನಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಘಾಟಬೋರಾಳದ ಅವಳ ತವರಿನವರು ಮನ್ನಾಏಖೇಳ್ಳಿಯ ಒಬ್ಬ ಒಕ್ಕಲಿಗನಿಗೆ ಅವಳನ್ನು ಉಡಿಕಿ ಮಾಡಿ ಕೊಟ್ಟಿದ್ದರು.

ನಮ್ಮ ಜನರಲ್ಲಿ ವಿಧವೆ ಮತ್ತೆ ಸಂಸಾರ ಹೂಡುವುದಕ್ಕೆ ಉಡಿಕಿ ಎನ್ನುತ್ತಾರೆ. ಹಂದರವಿಲ್ಲ, ವಾಜಂತ್ರಿಯಿಲ್ಲ. ಹೊಸ ಗಂಡ ತಂದ ಸೀರೆ ಉಟ್ಟು, ಹಳೆಯ ಮನೆಯದನ್ನೆಲ್ಲ ಬಿಚ್ಚಿಟ್ಟು ಹೊರಡಬೇಕು. ಬೆಳ್ಳಿ ಬಂಗಾರ ಬಿಚ್ಚಿಟ್ಟಂತೆ ಕೂಸನ್ನೂ ಬಿಟ್ಟು ಹೋಗಬೇಕು. ವೈನಿ ಬಿಟ್ಟು ಹೋದಳು. ಹೋಗುವಾಗ ಹೊಸ್ತಿಲಲ್ಲಿ ನಿಂತು ಅಪ್ಪನ ತಾಯಿಗೆ, ನಮ್ಮ ಆಯಿಗೆ, ಹೇಳಿದ್ದು ಒಂದೇ ಮಾತಂತೆ: “ಆಕಿಗಿ ಬಿಸಿ ರೊಟ್ಟಿ ಸೇರಂಗಿಲ್ಲ. ಆರಿಸಿ ಕೊಡ್ರಿ.”

ನಾಲ್ಕು ತಿಂಗಳು ಸುಮ್ಮನಿದ್ದವಳು ಹುಮನಾಬಾದಿನ ಕೋರ್ಟಿಗೆ ಅರ್ಜಿ ಕೊಟ್ಟಳು. ನನ್ನ ಕೂಸು ನನಗೆ ಬೇಕು ಎಂದು. ಮುನ್ಸಿಫರು ಎರಡೂ ಕಡೆಯವರನ್ನು ಕೇಳಿ, ನಿಮ್ಮ ಜನರಲ್ಲಿ ರಿವಾಜು, ಅಂದರೆ ರೂಢಿ, ಏನಿದೆಯೋ ಅದಕ್ಕೆ ಸಾಕ್ಷಿ ಸಬೂತು ತನ್ನಿ ಎಂದು ಹೇಳಿ ವಿಚಾರಣೆಗೆ ಮುಂದಿನ ಪೇಶಿಯ ದಿನ ಕೊಟ್ಟರು.

ಅಪ್ಪನದು ಬಟ್ಟೆಯ ಅಂಗಡಿ. ಅಳತೆಗೋಲು ಬಿಟ್ಟರೆ ಬೇರೆ ಆಯುಧ ಹಿಡಿದವನಲ್ಲ. ಕೆಟ್ಟ ಮನುಷ್ಯನೂ ಅಲ್ಲ. ಅದೇ ನನಗೆ ಇವತ್ತಿಗೂ ಕಷ್ಟ. ಅವನು ನನ್ನೆದುರು ಕುಳಿತು ಹೇಳಿದ:

“ನನ್ನ ಮಗಂದು ಅಂತ ಇದೊಂದ ಉಳದದ. ನೀ ಕಾನೂನು ಓದಾಕತ್ತೀ. ವಕೀಲರು ಬರ್ದದ್ದಕಿಂತ ಛಂದ ಬರಿ. ಐದು ಮಂದಿ ಹಿರ್ಯಾರ ಸಹಿ ನಾ ಹಾಕಸ್ತೀನಿ.”

ನನಗೆ ಹೆಮ್ಮೆಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಮನೆಯಲ್ಲಿ ನನ್ನ ಓದಿನ ಬಗ್ಗೆ ಯಾರಾದರೂ ಮೊದಲ ಸಲ ಕೇಳಿದ್ದು ಅಂದು.

ನೋಟುಬುಕ್ಕು ತೆಗೆದೆ. ಮೇಷ್ಟ್ರು ಹೇಳಿದ್ದು ಅಚ್ಚುಕಟ್ಟಾಗಿ ಅಲ್ಲಿತ್ತು. ಸರ್ಕಾರ ಹೊರಡಿಸುವ ಫರ್ಮಾನು ಮತ್ತು ಕಾಯಿದೆ ಕಾನೂನಿನ ಒಂದು ಮೂಲ. ಮೇಲಿನ ನ್ಯಾಯಾಲಯ ಹಿಂದೆ ಕೊಟ್ಟ ತೀರ್ಪು ಇನ್ನೊಂದು. ಧರ್ಮಗ್ರಂಥ ಮತ್ತೊಂದು. ಇವು ಯಾವುವೂ ಮಾತಾಡದ ಕಡೆ ಜನರ ರೂಢಿಯೇ ಕಾನೂನು. ಕೊಲೆ ಕಳವಿನಂಥ ಫೌಜದಾರಿಯಲ್ಲಿ ರೂಢಿಗೆ ಬೆಲೆಯಿಲ್ಲ. ಮದುವೆ, ಮಕ್ಕಳು, ಆಸ್ತಿ ಎಂಬ ದಿವಾನಿ ವ್ಯವಹಾರದಲ್ಲಿ ಅದರ ಮಾತು ನಡೆಯುತ್ತದೆ. ಆದರೆ ಅದಕ್ಕೆ ಮೂರು ಪರೀಕ್ಷೆ. ರೂಢಿ ಹಳೆಯದಾಗಿರಬೇಕು. ನಡುವೆ ಎಲ್ಲಿಯೂ ಕಡಿದಿರಬಾರದು. ನ್ಯಾಯಕ್ಕೆ ವಿರುದ್ಧವಾಗಿರಬಾರದು.

ಮೊದಲ ಎರಡನ್ನು ಕಾಗದದಲ್ಲಿ ಬರೆದೆ. ಮೂರನೆಯದನ್ನು ಬಿಟ್ಟೆ. ಮರೆತು ಬಿಟ್ಟದ್ದಲ್ಲ. ಅದನ್ನು ಬರೆದರೆ ಕಾಗದ ಸಡಿಲವಾಗುತ್ತದೆ ಎಂದು ತಿಳಿದೇ ಬಿಟ್ಟೆ. ‘ನಮ್ಮ ಜನರಲ್ಲಿ ಉಡಿಕಿಯಾದ ಹೆಣ್ಣಿನ ಜೊತೆ ಮೊದಲ ಮನೆಯ ಕೂಸು ಹೋದದ್ದು ಎಂದೂ ಇಲ್ಲ, ಯಾರೂ ಕಂಡಿಲ್ಲ, ಕೇಳಿಲ್ಲ.’ ಈ ವಾಕ್ಯವನ್ನು ಎರಡು ಸಲ ತಿದ್ದಿ ಬಿಗಿ ಮಾಡಿದೆ.

ಪೇಶಿಯ ಹಿಂದಿನ ದಿನ ಮಧ್ಯಾಹ್ನ ಐದು ಜನ ಹಿರಿಯರು ಬಂದು ಪಡಸಾಲೆಯಲ್ಲಿ ಕುಳಿತರು. ಅಪ್ಪ ಚಹಾ ಕೊಡಿಸಿದ. ನಾನು ನಡುಮನೆಯ ಬಾಗಿಲಲ್ಲಿ ನಿಂತು ಕಾಗದ ಓದಿದೆ. ಒಳಗೆ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ‘ಎಂದೂ ಇಲ್ಲ’ ಎಂಬಲ್ಲಿಗೆ ಬಂದಾಗ ಮೊರದ ಸಪ್ಪಳ ನಿಂತಿತು.

“ಹಂಗಾದ್ರ ನಾ ಯಾರು?” ಆಯಿ ಒಳಗಿನಿಂದಲೇ ಕೇಳಿದಳು.

ಯಾರಿಗೂ ತಿಳಿಯಲಿಲ್ಲ. ಐವರಲ್ಲೊಬ್ಬ, ಪಕ್ಕದ ಓಣಿಯ ಕಾಕಾ, ನಕ್ಕ. “ನೀ ಈ ಮನಿ ಯಜಮಾನಿ. ಮತ್ತ್ಯಾರು?”

“ನಾ ನಮ್ಮವ್ವನ ಸೆರಗ ಹಿಡ್ಕೊಂಡು ಆಕಿ ಹೊಸ ಗಂಡನ ಊರು ಕೊಡಂಬಲಕ್ಕ ಬಂದಾಕಿ. ನಮ್ಮವ್ವಗ ಉಡಿಕಿ ಆದಾಗ ನಾ ಇಕಿಯಷ್ಟೇ ಇದ್ದೆ,” ಎಂದು ಪಕ್ಕದಲ್ಲಿದ್ದ ಕೂಸಿನ ಕಡೆ ಕೈ ಮಾಡಿದಳು. “ಹಡದಪ್ಪ ಬ್ಯಾರೆ, ಸಾಕಿದಪ್ಪ ಬ್ಯಾರೆ. ಇಲ್ಲಿ ತಂದು ಮದುವಿ ಮಾಡಿ ಕೊಟ್ಟಂವ ಸಾಕಿದಪ್ಪ. ನಿಮ್ಮಪ್ಪಗ ಗೊತ್ತಿತ್ತು, ತಮ್ಮಾ. ಆ ಮದುವ್ಯಾಗ ಉಂಡಂವ.”

ಅಪ್ಪ ತಲೆ ಎತ್ತಲಿಲ್ಲ. “ಯವ್ವಾ, ನೀ ಸುಮ್ನ ಕುಂದ್ರು. ಹೆಂಗಸರ ಮಾತು ಕಾಗದಕ್ಕ ಬರಂಗಿಲ್ಲ.”

“ಆಯಿಗಿ ಸಾಕ್ಷಿಗಿ ಕರಕೊಂಡು ನಡೀರಿ,” ಎಂದ ಕಾಕಾ. “ಮುನ್ಸಿಫ್ ಸಾಹೇಬ್ರಿಗಿ ನಾಕ ರೊಟ್ಟಿನೂ ಬಡದು ಹಾಕ್ತಾಳ.”

ಎಲ್ಲರೂ ನಕ್ಕರು.

“ನನ್ನ ರೊಟ್ಟಿ ನಿಮ್ಮಪ್ಪನೂ ತಿಂದಾನ, ನೀನೂ ತಿಂದೀ,” ಎಂದಳು ಆಯಿ. “ಅವಾಗ ನಾ ಹೆಂಗಸು ಅಂತ ಯಾರೂ ಬ್ಯಾಡ ಅನ್ಲಿಲ್ಲ.”

ನಗು ನಿಂತಿತು. ಸಹಿ ನಿಲ್ಲಲಿಲ್ಲ. ಐವರೂ ಒಬ್ಬರಾದ ಮೇಲೊಬ್ಬರು ಕಾಗದ ಇಸಿದುಕೊಂಡು ಸಹಿ ಹಾಕಿದರು. ಆಯಿ ಹೇಳಿದ್ದು ಸುಳ್ಳು ಎಂದು ಒಬ್ಬರೂ ಹೇಳಲಿಲ್ಲ. ಸುಳ್ಳು ಎಂದಿದ್ದರೆ ವಾದ ಮಾಡಬಹುದಿತ್ತು. ಅವರ ಪಾಲಿಗೆ ಅದು ಗಾಳಿಗೆ ಕದ ಬಡಿದಷ್ಟು ಸದ್ದು, ಅಷ್ಟೇ.

ಅವರು ಹೋದ ಮೇಲೆ ಅಪ್ಪನನ್ನು ಕೇಳಿದೆ. “ಆಯಿ ಹೇಳಿದ್ದು ಖರೇ ಅದ ಏನಪ್ಪಾ?”

“ಅದು ಬ್ಯಾರೆ.”

“ಹ್ಯಾಂಗ ಬ್ಯಾರೆ?”

“ಆಕಿಗಿ ಹಡದಪ್ಪನ ಮನಿಯವರು ಯಾರೂ ಬೇಡಿದ್ದಿಲ್ಲ. ಇಕಿಗಿ ನಾ ಬೇಡಾಕತ್ತೀನಿ.” ಹೆಗಲ ಮೇಲಿನ ವಸ್ತ್ರ ಝಾಡಿಸಿ ಅಂಗಡಿಗೆ ಹೋದ.

ನನಗೆ ಸಿಟ್ಟು ಬಂತು. ಅಪ್ಪನ ಮೇಲೆ, ಆ ಐವರ ಮೇಲೆ, ಸಾಕ್ಷಿ ಎಂದರೆ ಗಂಡಸಿನ ಸಹಿ ಎಂದು ಕೇಳದೆಯೇ ಒಪ್ಪಿಕೊಂಡ ಊರಿನ ಮೇಲೆ. ರೂಢಿ ಕಡಿದಿಲ್ಲ ಎಂದು ಹೇಳುವವರು ಯಾರು? ಅದು ಕಡಿದ ಜಾಗದಲ್ಲಿ ಜೋಳ ಹಸನು ಮಾಡುತ್ತ ಕುಳಿತವರನ್ನು ಬಿಟ್ಟು ಉಳಿದವರು. ಎಲ್ಲರಿಗಿಂತ ಹೆಚ್ಚು ಸಿಟ್ಟು ನನ್ನ ಮೇಲೆಯೇ ಬಂತು. ಏಕೆಂದರೆ ನನಗೆ ಗೊತ್ತಿರಬೇಕಿತ್ತು. ಪ್ರತಿ ವರ್ಷ ಹಿರಿಯರ ಹಬ್ಬದಲ್ಲಿ ತೀರಿಕೊಂಡವರಿಗೆ ಎಡಿ ಇಡುವಾಗ ಆಯಿ ತನ್ನ ತಂದೆಯ ಹೆಸರಿನಲ್ಲಿ ಎರಡು ಎಡಿ ಇಡುತ್ತಿದ್ದಳು. ಎರಡು ಬಾಳೆ ಎಲೆ, ಎರಡು ಹೋಳಿಗೆ, ಎರಡು ಹಿಡಿ ಅನ್ನ. ಆಯಿಗೆ ತನ್ನ ಅಪ್ಪನೆಂದರೆ ದುಪ್ಪಟ್ಟು ಪ್ರೀತಿ ಎಂದು ನಾವು ಮಕ್ಕಳು ನಗುತ್ತಿದ್ದೆವು. ಹುಟ್ಟಿದಾಗಿನಿಂದ ಆ ಎರಡು ಎಲೆ ನೋಡಿದ ನಾನು ‘ಯಾರೂ ಕಂಡಿಲ್ಲ’ ಎಂದು ನನ್ನ ಕೈಯಾರೆ ಬರೆದಿದ್ದೆ.

ಇನ್ನೂ ಬೆಳಕಿತ್ತು. ಆಯಿಯ ಎದುರು ಹೋಗಿ ಕುಳಿತೆ.

“ನೀ ಹೇಳು. ನಾ ಬರೀತೀನಿ.”

“ಮೊದಲ ಯಾಕ ಕೇಳಲಿಲ್ಲ?”

ನಾನು ಹೊಸ ಹಾಳೆ ಬಿಡಿಸಿದೆ. ಅವಳು ಉತ್ತರಕ್ಕೆ ಕಾಯಲಿಲ್ಲ. ಹಡೆದ ಅಪ್ಪನ ಊರು, ಸಾಕಿದ ಅಪ್ಪನ ಮನೆ, ಅವ್ವನ ಉಡಿಕಿಯ ಸೀರೆಯ ಬಣ್ಣ, ಚಕ್ಕಡಿಯಲ್ಲಿ ತನ್ನನ್ನು ಕೂರಿಸಿದ ಜಾಗ, ಎಲ್ಲ ಒಂದೊಂದಾಗಿ ಹೇಳಿದಳು. ಸೀರೆ ಹಸಿರು. ಚಕ್ಕಡಿಯಲ್ಲಿ ಅವ್ವನ ತೊಡೆಯ ಮೇಲಲ್ಲ, ಹೊಸ ಅಪ್ಪನ ಮಗ್ಗುಲಲ್ಲಿ. “ಹೊಸ ಮನಿಯಾಗ ಯಾರೂ ನನಗ ‘ನೀ ಯಾರು’ ಅಂತ ಕೇಳ್ಲಿಲ್ಲ. ಇವತ್ತ ನಾನ ಕೇಳ್ಕೊಂಡೆ ನೋಡು,” ಎಂದಳು. ಕೊನೆಗೆ ನನ್ನ ಕಡೆಯಿಂದ ಒಂದು ಸಾಲು ಸೇರಿಸಿದೆ: ರೂಢಿ ಹಳೆಯದಾದರೆ ಸಾಲದು, ನ್ಯಾಯವೂ ಆಗಿರಬೇಕು. ಆಯಿ ದೌತಿಯ ಶಾಯಿ ಹಚ್ಚಿಕೊಂಡು ಹೆಬ್ಬೆಟ್ಟು ಒತ್ತಿದಳು. ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ. ಬೇಡ ಎಂದಳು.

ಮರುದಿನ ಬೆಳಿಗ್ಗೆ ಹುಮನಾಬಾದಿಗೆ ಹೋಗುವ ಮೋಟಾರು ಒಂದೇ. ಅಪ್ಪ ಮುಂದೆ ಡ್ರೈವರನ ಹಿಂದೆ ಕುಳಿತ. ನಾನು ಆಯಿಯ ಕೈ ಹಿಡಿದು ಹಿಂದಿನಿಂದ ಹತ್ತಿಸಿದೆ. ಅಪ್ಪ ತಿರುಗಿ ನೋಡಿ, “ಇಬ್ರೂ ಎಲ್ಲಿಗಿ ಹೊಂಟೀರಿ?” ಎಂದ. “ನೀ ಹೊಂಟಲ್ಲಿಗೇ,” ಎಂದಳು ಆಯಿ.

ಕೋರ್ಟಿನ ಜಗಲಿಯ ಕಂಬದ ಬಳಿ ವೈನಿ ನಿಂತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಕಾಗದ ಬರೆದವಳು ನಾನು ಎಂಬ ಸುದ್ದಿ ಮನ್ನಾಏಖೇಳ್ಳಿಗೂ ಮುಟ್ಟಿತ್ತು. ಆಯಿ ಅವಳ ಪಕ್ಕಕ್ಕೆ ಹೋಗಿ ಕುಳಿತು, “ರೊಟ್ಟಿ ಆರಿಸೇ ಕೊಡಾಕತ್ತೀನಿ,” ಎಂದಳು.

ನಾನು ಒಳಗೆ ಹೋದೆ. ಅಪ್ಪ ತನ್ನ ಕಾಗದವನ್ನು ಕೋರ್ಟಿನ ಗುಮಾಸ್ತ ಪೇಶಕಾರನ ಮೇಜಿನ ಮೇಲೆ ಇಟ್ಟಿದ್ದ. ಅದರ ಪಕ್ಕದಲ್ಲಿ ಆಯಿಯ ಕಾಗದವನ್ನು ಇಟ್ಟೆ. ಪೇಶಕಾರ ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ, ಕನ್ನಡಕ ಸರಿ ಮಾಡಿಕೊಂಡು ಮತ್ತೆ ಎರಡನ್ನೂ ನೋಡಿದ.

“ಎರಡೂ ಒಂದೇ ಕೈಲೆ ಬರ್ದಂಗ ಅದಾವಲ್ಲ, ಅಕ್ಕೋರೆ?”

“ಹೌದ್ರಿ,” ಎಂದೆ. “ಎರಡೂ ನಾನೇ ಬರ್ದೀನಿ. ಮೊದಲಿಂದು ಸುಳ್ಳದ. ಹಂಗಂತ ಬರಕೋರಿ.”